ಬೆಕ್ಕು ತುಂಬಾ ನೀರು ಕುಡಿಯುತ್ತಿದೆ, ಉಚ್ಚೆಯೂ ಜಾಸ್ತಿ. ಸಕ್ಕರೆ ಕಾಯಿಲೆ ಅಂತಾರೆ, ನಿಜವಾ?

ಹಿಪ್ಪುನೇರಳೆ (ಶಿಡ್ಲಘಟ್ಟ ಕಡೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ಹುಳು ಸಾಕುತ್ತೇವೆ. ಹುಳು ಮನೆಗೆ ಇಲಿ ಕಾಟ ಅಂತ ತಂದ ಮರಿಗೆ ಈಗ ಹನ್ನೊಂದು ವರ್ಷ. ಹೆಸರು ಗುಂಡ. ಗಂಡು, ಆಪರೇಷನ್ ಮಾಡಿಸಿದೆ.

ಹುಳು ಸಾಕುವವರಿಗೆ ಗೊತ್ತಿರುತ್ತದೆ, ತಟ್ಟೆ ಜೋಡಿಸುವ ಸ್ಟ್ಯಾಂಡಿನ ಒಂದೊಂದು ಕಾಲಿನ ಕೆಳಗೂ ಇರುವೆ ಹತ್ತದ ಹಾಗೆ ನೀರಿನ ಬಟ್ಟಲು ಇಡುತ್ತೇವೆ. ಬಾಗಿಲ ಕಡೆಯ ಬಟ್ಟಲುಗಳು ಬೆಳಗಾಗುವಷ್ಟರಲ್ಲಿ ಖಾಲಿಯಾಗುತ್ತಿದ್ದವು. ಸೆಕೆಗೆ ಆರುತ್ತಿದೆ ಅಂತ ಸುಮ್ಮನಿದ್ದೆವು. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಹುಳಕ್ಕೆ ರಾತ್ರಿ ಸೊಪ್ಪು ಹಾಕಲು ಹೋದಾಗ ಅಮ್ಮನ ಕಣ್ಣಿಗೆ ಬಿತ್ತು. ಗುಂಡ ಒಂದು ಬಟ್ಟಲು ಮುಗಿಸಿ ಇನ್ನೊಂದಕ್ಕೆ ಬಾಯಿ ಹಾಕುತ್ತಿದ್ದ. ಮೊದಲು ಇವನು ನೀರು ಕುಡಿಯುವುದನ್ನೇ ನಾವು ನೋಡಿದವರಲ್ಲ. ಈಗ ಬಚ್ಚಲಿನ ಬಕೆಟ್ಟು, ಹಸುವಿನ ತೊಟ್ಟಿ, ಎಲ್ಲ ಕಡೆ ಅವನೇ.

ಉಚ್ಚೆಗೆ ಹಿತ್ತಲ ಮರಳು ಗುಡ್ಡೆಗೆ ಹೋಗುತ್ತಾನೆ. ಅಲ್ಲಿ ಒದ್ದೆ ಕಲೆ ಅಂಗೈ ಅಗಲ ಇರುತ್ತಿತ್ತು. ಈಗ ಊಟದ ತಟ್ಟೆ ಅಗಲ. ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ನೀರೇ ಚೆಲ್ಲಿದ ಹಾಗೆ. ಅದಕ್ಕೆ ಇರುವೆ ಬೇರೆ ಮುತ್ತುತ್ತದೆ. ಅಜ್ಜಿ ನೋಡಿ "ಇದು ಸಕ್ಕರೆ ಕಾಯಿಲೆ, ನಿಮ್ಮ ತಾತನಿಗೂ ಹಿಂಗೇ ಇರುವೆ ಬರ್ತಿತ್ತು" ಅಂದರು.

ಊರಲ್ಲದ ಊರಿಗೆ ಹೋಗಿ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ತೋರಿಸಿದೆ. ಕಿವಿ ಚುಚ್ಚಿ ಮನುಷ್ಯರ ಗ್ಲೂಕೋಮೀಟರಿನಲ್ಲಿ ನೋಡಿದರು. 268 ಬಂತು. "ಶುಗರ್, ನಾಳೆಯಿಂದಲೇ ಇನ್ಸುಲಿನ್ ಶುರು ಮಾಡಿ" ಅಂದರು. ಬೇರೆ ಏನೂ ಟೆಸ್ಟ್ ಮಾಡಲಿಲ್ಲ. ನಾನು ಇನ್ನೂ ಇನ್ಸುಲಿನ್ ತಂದಿಲ್ಲ.

ಅಪ್ಪ ಹೇಳುವುದು ಬೇಸಿಗೆ ಅಷ್ಟೇ ಅಂತ. ಚಿಕ್ಕಪ್ಪ ಹೇಳುವುದು ಬೋರ್‌ವೆಲ್ ನೀರಿನ ದೋಷ ಅಂತ. ನಮ್ಮದು ಸಾವಿರ ಅಡಿ ದಾಟಿದ ಬೋರು, ನೀರು ಸಪ್ಪೆಯಲ್ಲ, ಒಂಥರಾ ಗಡಸು. ಎದುರು ಮನೆಯವರು "ನೀರು ಕಡಿಮೆ ಇಡಿ, ಉಚ್ಚೆ ತಾನಾಗೇ ಕಡಿಮೆಯಾಗುತ್ತೆ" ಅಂತಾರೆ.

ಇನ್ನಷ್ಟು ವಿವರ: ತೂಕ ಮೊದಲು ಐದೂವರೆ ಕೆಜಿ ಮೇಲಿತ್ತು, ಈಗ ನಾಲ್ಕೂವರೆ. ಊಟ ಸ್ವಲ್ಪ ಕಡಿಮೆ. ಬೆಳಿಗ್ಗೆ ಒಂದೊಂದು ದಿನ ನೊರೆ ನೊರೆ ವಾಂತಿ. ಊಟ ಅಂದರೆ ಹಾಲನ್ನ, ಮೊಟ್ಟೆ, ಭಾನುವಾರ ಕೋಳಿ ಈಲಿ. ಯುಗಾದಿ ಆದಮೇಲೆ ಪ್ಯಾಕೆಟ್ಟಿನ ಒಣ ಕಾಳು ಶುರು ಮಾಡಿದ್ದೇವೆ. ಹೋದ ವರ್ಷ ಕುತ್ತಿಗೆ ಕೆರೆತಕ್ಕೆ ಎರಡು ಮೂರು ಸಲ ಒಂದು ಸೂಜಿ ಹಾಕಿಸಿದ್ದೆವು. ಯಾವುದು ಅಂತ ಚೀಟಿ ಇಲ್ಲ.

ಇನ್ಸುಲಿನ್ ಶುರು ಮಾಡಲಾ? ಅಥವಾ ಬೇರೆ ಏನಾದರೂ ನೋಡಿಸಬೇಕಾ?

---

ಬಟವಾಡಿ ಅಕ್ಕ (ತುಮಕೂರು):

ತಮ್ಮಾ, ಮೊದಲು ಒಂದು ಮಾತು. ನೀರು ಮಾತ್ರ ಕಡಿಮೆ ಮಾಡಬೇಡಿ. ಅವನು ಕುಡಿದಿದ್ದಕ್ಕೆ ಉಚ್ಚೆ ಹೋಗುತ್ತಿಲ್ಲ. ಉಚ್ಚೆ ಹೋಗುತ್ತಿರುವುದಕ್ಕೆ ಕುಡಿಯುತ್ತಿದ್ದಾನೆ. ನೀರು ತೆಗೆದರೆ ಒಳಗೆ ಒಣಗಿ ಹೋಗುತ್ತಾನೆ.

ನಮ್ಮ ಬೆಕ್ಕಿಗೆ ನಿಜಕ್ಕೂ ಸಕ್ಕರೆ ಕಾಯಿಲೆ ಇತ್ತು. ಅವಳದು ಬೇರೆ ಥರ. ಹಗಲೂ ರಾತ್ರಿ ಊಟ ಊಟ ಅಂತ ಕಿರುಚುತ್ತಿದ್ದಳು, ತಿಂದರೂ ಸೊರಗುತ್ತಿದ್ದಳು. ಆಮೇಲೆ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯುವುದಕ್ಕೆ ಶುರು ಮಾಡಿದಳು, ಮೊಲ ಕೂತಲ್ಲೇ ಸರಿದ ಹಾಗೆ. ಸಕ್ಕರೆ ಹೆಚ್ಚಾಗಿ ನರ ಸೋತರೆ ಹಾಗಾಗುತ್ತದಂತೆ. ಆದರೂ ನಮ್ಮ ಡಾಕ್ಟರು ರಕ್ತದ ಜೊತೆ ಮೂತ್ರವನ್ನೂ ನೋಡಿದ ಮೇಲೇ ಇನ್ಸುಲಿನ್ ಬರೆದರು. ಕೆಲವು ತಿಂಗಳಿಗೆ ಇನ್ಸುಲಿನ್ ಬೇಕಾಗದ ಹಾಗೂ ಆಯಿತು. ಬೆಕ್ಕುಗಳಲ್ಲಿ ಹಾಗೆ ಆಗುವುದುಂಟು.

ಸಕ್ಕರೆ ಇಲ್ಲದ ಬೆಕ್ಕಿಗೆ ಇನ್ಸುಲಿನ್ ಕೊಟ್ಟರೆ ಫಿಟ್ಸ್ ಬಂದು ಸಾಯಬಹುದು. ಕಾಯಿರಿ. ಕೋಲಾರದ ಡಾಕ್ಟರು ಇಲ್ಲಿ ಬರುತ್ತಾರೆ, ಅವರು ಹೇಳಲಿ.

---

ನಿವೃತ್ತ ಪಶುವೈದ್ಯ (ಕೋಲಾರ):

ಅಕ್ಕ ಹೇಳಿದ್ದು ಸರಿ. ನಾನು ಸರ್ವಿಸ್ ಪೂರ್ತಿ ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಅಂತ ಹಸು ಎಮ್ಮೆ ನೋಡಿಕೊಂಡೇ ಕಳೆದವನು. ಬೆಕ್ಕು ಕಲಿತಿದ್ದು ತಡವಾಗಿ, ಮಗಳು ಮನೆಗೆ ತಂದು ಬಿಟ್ಟ ಮೇಲೆ. ಆದರೆ ಈ ವಿಷಯದಲ್ಲಿ ಲೆಕ್ಕ ಸರಳ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಇನ್ಸುಲಿನ್ ಈಗ ಬೇಡ. ಅದನ್ನು ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ 268 ಒಂದರಿಂದ ಬೆಕ್ಕಿಗೆ ಸಕ್ಕರೆ ಕಾಯಿಲೆ ಅಂತ ಹೇಳಲು ಆಗುವುದಿಲ್ಲ. ಬೆಕ್ಕು ಹೆದರಿದರೆ ರಕ್ತದ ಸಕ್ಕರೆ ದಿಢೀರ್ ಅಂತ ಏರುತ್ತದೆ. ಬುಟ್ಟಿಯಲ್ಲಿ ತುಂಬಿ, ಬಸ್ಸಿನಲ್ಲಿ ಕೂಗಿಸಿಕೊಂಡು ಹೋಗಿ, ನಾಯಿಗಳ ಮಧ್ಯೆ ಕೂರಿಸಿ, ಕಿವಿ ಚುಚ್ಚಿದರೆ 300 ದಾಟಿದ್ದನ್ನೂ ನೋಡಿದ್ದೇನೆ. ಮನೆಗೆ ಬಂದ ಮೇಲೆ ನೋಡಿದರೆ ಮಾಮೂಲಿ. ಇನ್ನೊಂದು, ಮನುಷ್ಯರ ಗ್ಲೂಕೋಮೀಟರು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಲ್ಯಾಬಿಗಿಂತ ಕಡಿಮೆ ತೋರಿಸುತ್ತದೆ. ಹಾಗಾಗಿ ಆ ಅಂಕಿಯನ್ನು ಅತ್ತಲಾಗೂ ನಂಬುವ ಹಾಗಿಲ್ಲ, ಇತ್ತಲಾಗೂ ನಂಬುವ ಹಾಗಿಲ್ಲ.

ತೀರ್ಮಾನ ಮಾಡುವುದು ಮೂತ್ರ. ಬೆಕ್ಕಿನ ರಕ್ತದಲ್ಲಿ ಸಕ್ಕರೆ ಸುಮಾರು 250, 280 ದಾಟಿ ಹಾಗೇ ನಿಂತರೆ ಮೂತ್ರಕ್ಕೆ ಸೋರುತ್ತದೆ. ಹೆದರಿಕೆಗೆ ಅರ್ಧ ಗಂಟೆ ಏರಿದ್ದು ಸಾಮಾನ್ಯವಾಗಿ ಮೂತ್ರದಲ್ಲಿ ಕಾಣುವುದಿಲ್ಲ. ಮೂತ್ರದಲ್ಲಿ ಸಕ್ಕರೆ ಇಲ್ಲದೇ ಹೋದರೆ, ಗುಂಡನ ಈ ಪಾಟಿ ಬಾಯಾರಿಕೆಗೆ ಸಕ್ಕರೆ ಕಾರಣ ಅಲ್ಲ. ಇನ್ನೂ ಅನುಮಾನ ಉಳಿದರೆ ಫ್ರಕ್ಟೋಸಮೈನ್ ಅಂತ ಒಂದು ರಕ್ತ ಪರೀಕ್ಷೆ ಇದೆ. ಅದು ಹಿಂದಿನ ಒಂದೆರಡು ವಾರದ ಸರಾಸರಿ ಹೇಳುತ್ತದೆ. ಬಸ್ಸಿನ ಹೆದರಿಕೆ ಅದನ್ನು ಕೆಡಿಸುವುದಿಲ್ಲ.

ನಿಮ್ಮ ಅಜ್ಜಿ ಹೇಳಿದ್ದು ಸುಳ್ಳಲ್ಲ. ಹಳೆಯ ಕಾಲದ ವೈದ್ಯರು ಮನುಷ್ಯರಲ್ಲಿ ಹಾಗೇ ಗುರುತು ಹಿಡಿಯುತ್ತಿದ್ದರು. ಆದರೆ ಬೇಸಿಗೆಯಲ್ಲಿ ಒದ್ದೆ ಮರಳು ಕಂಡರೆ ಇರುವೆ ಸಕ್ಕರೆ ಇದೆಯಾ ಅಂತ ಕೇಳಿಕೊಂಡು ಬರುವುದಿಲ್ಲ. ಅದಕ್ಕೂ ನೀರು ಬೇಕು. ಇರುವೆ ಅನುಮಾನಕ್ಕೆ ಸಾಕು, ಚಿಕಿತ್ಸೆಗೆ ಸಾಲದು.

ಈಗ ಬೇಸಿಗೆ, ಬೋರು, ಒಣ ಕಾಳು. ಮೂರನ್ನೂ ಮನೆಯಲ್ಲೇ ಬಗೆಹರಿಸಬಹುದು. ಬೇಸಿಗೆಯಲ್ಲಿ ಬೆಕ್ಕು ಜಾಸ್ತಿ ಕುಡಿದರೆ ಆ ನೀರು ಮೈ ತಣಿಸಲು ಹೋಗುತ್ತದೆ, ಉಚ್ಚೆ ಹೆಚ್ಚುವುದಿಲ್ಲ. ಒಣ ಕಾಳಿನಲ್ಲಿ ನೀರಿನ ಅಂಶ ನೂರಕ್ಕೆ ಹತ್ತರ ಆಸುಪಾಸು. ಡಬ್ಬಿಯ ಒದ್ದೆ ಊಟದಲ್ಲಿ 75ರಿಂದ 80. ಹಾಲನ್ನ ಬಿಡಿಸಿ ಕಾಳು ಹಾಕಿದರೆ ಬಟ್ಟಲಿನಿಂದ ಕುಡಿಯುವುದು ಹೆಚ್ಚಲೇಬೇಕು. ಆದರೆ ಅಲ್ಲೂ ಉಚ್ಚೆ ತಟ್ಟೆ ಅಗಲ ಆಗುವುದಿಲ್ಲ, ಬಣ್ಣ ಹೋಗುವುದಿಲ್ಲ. ನಿಮ್ಮದರಲ್ಲಿ ಎರಡೂ ಏರಿದೆ, ಜೊತೆಗೆ ತೂಕ ಇಳಿದಿದೆ. ಇನ್ನು ಬೋರ್ ನೀರು. ನಮ್ಮ ಜಿಲ್ಲೆ, ನಿಮ್ಮ ಜಿಲ್ಲೆ ಎರಡರಲ್ಲೂ ಫ್ಲೋರೈಡು, ಗಡಸುತನ ಇರುವುದು ನಿಜ. ಆದರೆ ಅದೇ ನೀರು ನಿಮ್ಮ ಹಸುವೂ ಕುಡಿಯುತ್ತದೆ, ನಾಯಿಯೂ ಕುಡಿಯುತ್ತದೆ, ಗುಂಡನೂ ಇಷ್ಟು ವರ್ಷ ಕುಡಿದಿದ್ದಾನೆ. ಬದಲಾಗಿರುವುದು ಒಬ್ಬನೇ. ಚಿಕ್ಕಪ್ಪನಿಗೆ ಇದನ್ನು ಹೇಳಿ.

ಅಂದಾಜಿನಲ್ಲಿ ಮಾತಾಡುವುದಕ್ಕಿಂತ ಅಳೆಯಿರಿ. ಒಂದು ಕೋಣೆಯಲ್ಲಿ ಇಟ್ಟು, ಅಳತೆ ಮಾಡಿ ನೀರು ಇಡಿ. ಮರುದಿನ ಅದೇ ಹೊತ್ತಿಗೆ ಉಳಿದಿದ್ದನ್ನು ಅಳೆಯಿರಿ. ಅದೇ ಥರದ ಇನ್ನೊಂದು ಬಟ್ಟಲನ್ನು ಅವನಿಗೆ ಸಿಗದ ಕಡೆ ಇಟ್ಟರೆ ಎಷ್ಟು ಆರಿಹೋಯಿತು ಅನ್ನುವುದೂ ತಿಳಿಯುತ್ತದೆ. ಬೆಕ್ಕಿಗೆ ಊಟದ ನೀರೂ ಸೇರಿ ಒಂದು ಕೆಜಿ ತೂಕಕ್ಕೆ ದಿನಕ್ಕೆ 50 ಮಿಲಿ ಆಸುಪಾಸು ಸಾಕು. 100 ದಾಟಿದರೆ ಅದು ಕಾಯಿಲೆಯೇ. ನಾಲ್ಕೂವರೆ ಕೆಜಿಗೆ ಲೆಕ್ಕ ನೀವೇ ಹಾಕಿಕೊಳ್ಳಿ.

ಮತ್ತೆ ಆ ಸ್ಟ್ಯಾಂಡಿನ ಬಟ್ಟಲು! ಕೆಲವರು ಅದಕ್ಕೆ ಫಿನೈಲ್, ಸೀಮೆಎಣ್ಣೆ, ಇರುವೆ ಪುಡಿ ಹಾಕುತ್ತಾರೆ. ಹುಳು ಮನೆಯಲ್ಲಿ ಬ್ಲೀಚಿಂಗ್ ಪೌಡರ್, ಸುಣ್ಣ ಉದುರುವುದೂ ಮಾಮೂಲಿ. ಫಿನೈಲ್ ಬೆಕ್ಕಿಗೆ ವಿಷ. ಇವತ್ತಿನಿಂದ ಹುಳು ಮನೆ ಬಾಗಿಲು ಹಾಕಿ. ಮನೆಯೊಳಗೆ ಎರಡು ಮೂರು ಕಡೆ ಒಳ್ಳೆ ನೀರಿಡಿ.

ಈಗ ಒಳಗಿನ ಕಾರಣ. ವಯಸ್ಸಾದ ಬೆಕ್ಕಿನಲ್ಲಿ ನೀರು, ಉಚ್ಚೆ ಎರಡೂ ಏರಿದರೆ ನಾನು ಮೊದಲು ನೆನೆಯುವುದು ಮೂರು. ಕಿಡ್ನಿ ಸೋಲುವುದು. ಸಕ್ಕರೆ. ಥೈರಾಯ್ಡ್ ಜಾಸ್ತಿಯಾಗುವುದು. ಥೈರಾಯ್ಡ್ ಬೆಕ್ಕು ಬಕಾಸುರನ ಹಾಗೆ ತಿನ್ನುತ್ತದೆ, ಒಂದು ಕಡೆ ಕೂರುವುದಿಲ್ಲ, ರಾತ್ರಿ ಕೂಗುತ್ತದೆ, ಆದರೂ ಸೊರಗುತ್ತದೆ. ಕುತ್ತಿಗೆಯಲ್ಲಿ ಸಣ್ಣ ಗಂಟು ಕೈಗೆ ಸಿಗಬಹುದು. ಸಕ್ಕರೆಯ ಬೆಕ್ಕೂ ಶುರುವಿನಲ್ಲಿ ಚೆನ್ನಾಗಿ ತಿನ್ನುತ್ತದೆ. ಗುಂಡನ ಊಟ ಕಡಿಮೆಯಾಗಿದೆ, ಬೆಳಿಗ್ಗೆ ವಾಂತಿ ಇದೆ. ನನ್ನ ಮನಸ್ಸು ಕಿಡ್ನಿ ಕಡೆ ಹೋಗುತ್ತಿದೆ. ಆದರೆ ಮನಸ್ಸು ಹೋದ ಕಡೆ ಔಷಧಿ ಬರೆಯುವುದಕ್ಕೆ ಆಗುವುದಿಲ್ಲ ಅಲ್ವಾ?

ಕಿಡ್ನಿ ಮಾಡುವ ಕೆಲಸ ಹಾಲು ಬತ್ತಿಸಿ ಖೋವಾ ಮಾಡಿದ ಹಾಗೆ. ನೀರನ್ನು ಹಿಂದಕ್ಕೆ ಎಳೆದುಕೊಂಡು ಮೂತ್ರವನ್ನು ಗಟ್ಟಿ ಮಾಡುತ್ತದೆ. ಎಷ್ಟು ಗಟ್ಟಿ ಅನ್ನುವುದನ್ನು ಸ್ಪೆಸಿಫಿಕ್ ಗ್ರಾವಿಟಿ ಅಂತ ಅಳೆಯುತ್ತಾರೆ. ಆರೋಗ್ಯದ ಬೆಕ್ಕಿನಲ್ಲಿ 1.035ಕ್ಕಿಂತ ಮೇಲಿರುತ್ತದೆ. 1.008ರಿಂದ 1.012 ಅಂದರೆ ಕಿಡ್ನಿ ಗಟ್ಟಿಯನ್ನೂ ಮಾಡುತ್ತಿಲ್ಲ, ತೆಳುವನ್ನೂ ಮಾಡುತ್ತಿಲ್ಲ, ಬಂದಿದ್ದನ್ನು ಬಂದ ಹಾಗೇ ಬಿಡುತ್ತಿದೆ. 1.008ಕ್ಕಿಂತ ಕೆಳಗೆ ಇದ್ದರೆ ಕಥೆಯೇ ಬೇರೆ, ಅಲ್ಲಿ ಡಯಾಬಿಟಿಸ್ ಇನ್ಸಿಪಿಡಸ್ ಅನ್ನುವ ಅಪರೂಪದ ಹಾರ್ಮೋನ್ ತೊಂದರೆ, ಲಿವರ್, ಇನ್ನೂ ಕೆಲವನ್ನು ಹುಡುಕಬೇಕಾಗುತ್ತದೆ. ಇದನ್ನು ರಿಫ್ರಾಕ್ಟೋಮೀಟರಿನಲ್ಲಿ ನೋಡಬೇಕು. ಮೂತ್ರದಲ್ಲಿ ಅದ್ದಿ ನೋಡುವ ಬಣ್ಣದ ಪಟ್ಟಿಯಲ್ಲೂ ಗ್ರಾವಿಟಿ ಅಂತ ಒಂದು ಚೌಕ ಇರುತ್ತದೆ. ಬೆಕ್ಕಿನ ವಿಷಯದಲ್ಲಿ ಅದು ಕೆಲಸಕ್ಕೆ ಬಾರದು. ಸಕ್ಕರೆ, ಕೀಟೋನ್ (ಸಕ್ಕರೆ ಕಾಯಿಲೆ ಕೈ ಮೀರಿದಾಗ ಮೂತ್ರದಲ್ಲಿ ಬರುವಂಥದ್ದು) ನೋಡುವುದಕ್ಕೆ ಮಾತ್ರ ಪಟ್ಟಿ ಸಾಕು, ಅದು ಮೆಡಿಕಲ್ ಸ್ಟೋರಿನಲ್ಲೂ ಸಿಗುತ್ತದೆ.

ರಕ್ತ ಮತ್ತು ಮೂತ್ರ ಎರಡನ್ನೂ ಒಂದೇ ದಿನ ಕೊಡಬೇಕು ಅಂತ ನಾನು ಹಠ ಹಿಡಿಯುವುದು ಯಾಕೆ ಗೊತ್ತಾ? ಕ್ರಿಯಾಟಿನಿನ್ (ರಕ್ತದಿಂದ ಕಿಡ್ನಿ ಹೊರಗೆ ಹಾಕಬೇಕಾದ ಕಸ) ಹೆಚ್ಚಿದೆ ಅಂತ ರಿಪೋರ್ಟ್ ಬಂದರೆ ಅದು ಕಿಡ್ನಿ ಸೋತಿದ್ದಕ್ಕೂ ಇರಬಹುದು, ಮೈಯಲ್ಲಿ ನೀರು ಒಣಗಿದ್ದಕ್ಕೂ ಇರಬಹುದು. ಬರೀ ಒಣಗಿದ್ದರೆ ಮೂತ್ರ ಗಟ್ಟಿ ಇರುತ್ತದೆ. ಕಿಡ್ನಿ ಸೋತಿದ್ದರೆ ತೆಳು ಇರುತ್ತದೆ. ರಕ್ತ ಒಂದೇ ನೋಡಿದರೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಡ್ರಿಪ್ ಹಾಕಿದ ಮೇಲೆ ಮೂತ್ರ ತೆಗೆದರೂ ದಂಡ, ಎಲ್ಲರದೂ ತೆಳುವೇ ಬರುತ್ತದೆ. ಹಾಗಾಗಿ ಡ್ರಿಪ್ಪಿಗೆ ಮೊದಲೇ ಮೂತ್ರ ತೆಗೆಯಲು ಕೇಳಿ. ಹೊಟ್ಟೆಯ ಮೇಲಿಂದ ಸಣ್ಣ ಸೂಜಿಯಲ್ಲಿ ನೇರ ಚೀಲದಿಂದ ತೆಗೆಯುತ್ತಾರೆ. ನೋಡಲು ಭಯ, ಬೆಕ್ಕಿಗೆ ಅಷ್ಟೇನೂ ನೋವಿಲ್ಲ. ಅದೇ ಮೂತ್ರವನ್ನು ಕಲ್ಚರಿಗೂ (ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಕಳಿಸಬಹುದು. ತೆಳು ಮೂತ್ರದಲ್ಲಿ ಸೋಂಕು ಸದ್ದಿಲ್ಲದೆ ಕೂತಿರುತ್ತದೆ.

ಕೇಳಬೇಕಾದದ್ದು: ಕ್ರಿಯಾಟಿನಿನ್, ಯೂರಿಯಾ, ಸಕ್ಕರೆ, ಫಾಸ್ಫರಸ್, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಟಿ-4 (ಥೈರಾಯ್ಡ್ ಹಾರ್ಮೋನ್), ಮೂತ್ರ ಪೂರ್ತಿ. ಕ್ಯಾಲ್ಸಿಯಂ ಮರೆಯಬೇಡಿ, ಅದು ಏರಿದರೂ ಬಾಯಾರಿಕೆ ಬರುತ್ತದೆ, ಹಿಂದೆ ಗಡ್ಡೆ ಏನಾದರೂ ಇರಬಹುದು. ಸಿಕ್ಕರೆ ಎಸ್‌ಡಿಎಂಎ, ಅದೂ ಕಿಡ್ನಿಯದೇ ಇನ್ನೊಂದು ರಕ್ತ ಪರೀಕ್ಷೆ. ಸೊರಗಿದ ಬೆಕ್ಕಿನಲ್ಲಿ ಮಾಂಸ ಕರಗಿ ಕ್ರಿಯಾಟಿನಿನ್ ಕಡಿಮೆ ತೋರಿಸುತ್ತದೆ, ಎಸ್‌ಡಿಎಂಎ ಅಷ್ಟು ಮೋಸ ಮಾಡುವುದಿಲ್ಲ. ಊರಿನ ಮನುಷ್ಯರ ಲ್ಯಾಬಿನಲ್ಲಿ ಮಾಡಿಸಿದರೆ ಪಕ್ಕದಲ್ಲಿ ಪ್ರಿಂಟ್ ಆಗುವ ನಾರ್ಮಲ್ ಅಂಕಿ ಮನುಷ್ಯರದ್ದು. ಅದನ್ನು ನೋಡಿ ಗಾಬರಿಯೂ ಬೇಡ, ಸಮಾಧಾನವೂ ಬೇಡ.

ಕೆರೆತದ ಸೂಜಿ ಯಾವುದು ಅಂತ ಹೋಗಿ ಕೇಳಿ. ಅದು ಸ್ಟೀರಾಯ್ಡ್ ಆಗಿದ್ದರೆ, ಅದರಲ್ಲೂ ವಾರಗಟ್ಟಲೆ ಮೈಯಲ್ಲಿ ಉಳಿಯುವ ಜಾತಿ ಆಗಿದ್ದರೆ, ಬಾಯಾರಿಕೆ ತರುತ್ತದೆ, ಕೆಲವು ಬೆಕ್ಕಿಗೆ ಸಕ್ಕರೆ ಕಾಯಿಲೆಯನ್ನೂ ತರುತ್ತದೆ.

ಶಿಡ್ಲಘಟ್ಟದಿಂದ ವಿಜಯಪುರ, ದೇವನಹಳ್ಳಿ ಮೇಲೆ ಹೋದರೆ ಹೆಬ್ಬಾಳದ ವೆಟರ್ನರಿ ಕಾಲೇಜು ಆಸ್ಪತ್ರೆ. ಬೆಳಿಗ್ಗೆ ಬೇಗ ಹೋಗಿ. ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿ. ನಾಯಿಗಳಿಂದ ದೂರ ಕೂತುಕೊಳ್ಳಿ, ಸಕ್ಕರೆ ಅಂಕಿಗೂ ಒಳ್ಳೆಯದು.

---

ಬೆಳಗಿನ ಚಾ (ಗೌರಿಬಿದನೂರು):

ಒಂದು ಬೆಕ್ಕಿಗೆ ಇಷ್ಟೆಲ್ಲ ಟೆಸ್ಟಾ? ಹಿಂದೆ ಯಾರು ಮಾಡಿಸುತ್ತಿದ್ದರು? ಬಾರ್ಲಿ ನೀರು ಕುಡಿಸಿ, ಜೀರಿಗೆ ಕಷಾಯ ಕೊಡಿ, ಮೈ ತಂಪಾಗುತ್ತೆ. ಉರಿ ಇದ್ದರೆ ಕಾಲು ಪ್ಯಾರಾಸಿಟಮಾಲ್.

---

ಬಟವಾಡಿ ಅಕ್ಕ (ತುಮಕೂರು):

ದಯವಿಟ್ಟು ಇದನ್ನು ಓದಿದ ಯಾರೂ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಬೇಡಿ. ಕಾಲು ಮಾತ್ರೆಯೂ ಬೇಡ. ಅದನ್ನು ಜೀರ್ಣಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ, ಸಾಯುತ್ತವೆ. ಮನುಷ್ಯರ ನೋವಿನ ಮಾತ್ರೆ ಬೇರೆ ಯಾವುದೂ ಬೇಡ, ಕಿಡ್ನಿ ಹೋಗುತ್ತದೆ. ಬಾರ್ಲಿ ನೀರು ನೀವೇ ಕುಡಿಯಿರಿ ಸರ್, ಸೆಕೆ ಇದೆ.

---

ಚಿಂತಾಮಣಿ ಹುಡುಗ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಮ್ಮ ಬೆಕ್ಕಿಗೂ ಇದೇ, ತುಂಬಾ ನೀರು ಕುಡಿಯುತ್ತಿದೆ. ಆದರೆ ಹೆಣ್ಣು, ಮೂರು ವರ್ಷ ಅಷ್ಟೇ. ಆಪರೇಷನ್ ಆಗಿಲ್ಲ. ಹೋದ ತಿಂಗಳು ಬೆದೆಗೆ ಬಂದಿತ್ತು. ನಿನ್ನೆಯಿಂದ ಊಟ ಬಿಟ್ಟಿದೆ, ಮೈ ಬಿಸಿ, ಹೊಟ್ಟೆ ಸ್ವಲ್ಪ ಉಬ್ಬಿದೆ. ಇದಕ್ಕೂ ಕಿಡ್ನಿ ಟೆಸ್ಟ್ ಮಾಡಿಸಬೇಕಾ?

---

ನಿವೃತ್ತ ಪಶುವೈದ್ಯ (ಕೋಲಾರ):

ಚಿಂತಾಮಣಿಯವರೇ, ನೀವು ಇದನ್ನು ಓದುತ್ತಾ ಕೂರಬೇಡಿ. ಈಗಲೇ ಹೊರಡಿ. ಬೆದೆ ಆಗಿ ಕೆಲವು ವಾರಕ್ಕೆ ನೀರು ಜಾಸ್ತಿ, ಜ್ವರ, ಊಟ ಬಿಟ್ಟಿದ್ದು, ಹೊಟ್ಟೆ ಊದಿದ್ದು. ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಪಯೋಮೆಟ್ರಾ ಅಂತಾರೆ. ಬಾಲದ ಕೆಳಗೆ ಕೀವು ಕಾಣದಿದ್ದರೆ ಇನ್ನೂ ಅಪಾಯ, ಗರ್ಭಕೋಶದ ಬಾಯಿ ಮುಚ್ಚಿಕೊಂಡು ಒಳಗೇ ತುಂಬುತ್ತಿದೆ ಅಂತ ಅರ್ಥ. ಸ್ಕ್ಯಾನಿಂಗ್ ಮಾಡಿದರೆ ಗೊತ್ತಾಗುತ್ತದೆ. ಗರ್ಭಕೋಶ ತೆಗೆಯುವ ಆಪರೇಷನ್ನೇ ಮದ್ದು. ನಾಳೆ ಅನ್ನಬೇಡಿ.

ಇನ್ನೊಂದು ಮಾತು, ಗಂಡು ಬೆಕ್ಕು ಇಟ್ಟುಕೊಂಡವರಿಗೆ. ಮತ್ತೆ ಮತ್ತೆ ಉಚ್ಚೆಗೆ ಕೂರುತ್ತದೆ, ತಿಣುಕುತ್ತದೆ, ಹನಿ ಹನಿ ಬರುತ್ತದೆ ಅಥವಾ ಬರುವುದೇ ಇಲ್ಲ. ಇದನ್ನು ಜನ "ಉಚ್ಚೆ ಜಾಸ್ತಿ" ಅಂತಲೇ ಹೇಳಿಕೊಂಡು ಬರುತ್ತಾರೆ. ಅದು ಜಾಸ್ತಿ ಅಲ್ಲ, ದಾರಿ ಕಟ್ಟಿದೆ. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಎಷ್ಟು ಸಲ ಕೂತ ಅನ್ನುವುದಕ್ಕಿಂತ ಎಷ್ಟು ಒದ್ದೆಯಾಯಿತು ನೋಡಿ. ಹಿಪ್ಪುನೇರಳೆಯವರು ಮರಳಿನ ಕಲೆಯ ಅಗಲ ಹೇಳಿದ್ದರಿಂದಲೇ ನನಗೆ ಅರ್ಧ ವಿಷಯ ತಿಳಿಯಿತು.

---

ಹಿಪ್ಪುನೇರಳೆ (ಶಿಡ್ಲಘಟ್ಟ ಕಡೆ):

ಡಾಕ್ಟರ್ ಸರ್, ಅಕ್ಕಾ, ಇಬ್ಬರಿಗೂ ಥ್ಯಾಂಕ್ಸ್. ರಿಪೋರ್ಟ್ ಎಲ್ಲ ಬಂದಿದೆ.

ಮೊದಲು ನೀರು ಅಳೆದೆವು. ಸ್ಟೋರ್ ರೂಮಿನಲ್ಲಿ ಕೂಡಿ ಹಾಕಿದ್ದಕ್ಕೆ ಊರಿಗೇ ಕೇಳುವ ಹಾಗೆ ಕೂಗಿದ. ಆರಿದ್ದನ್ನು ಕಳೆದು ದಿನಕ್ಕೆ 450ರಿಂದ 500 ಮಿಲಿ. ಅಪ್ಪ ಅಳತೆ ಲೋಟ ನೋಡಿದ ಮೇಲೆ ಬೇಸಿಗೆಯ ಮಾತು ನಿಲ್ಲಿಸಿದರು. ಚಿಕ್ಕಪ್ಪ ಇನ್ನೂ ಬೋರ್ ಬಿಟ್ಟಿಲ್ಲ.

ಮೂತ್ರ ಸೂಜಿಯಲ್ಲಿ ತೆಗೆದರು, ಡ್ರಿಪ್ಪಿಗೆ ಮೊದಲೇ ಅಂತ ನಾನೇ ಕೇಳಿದೆ. ಡಾಕ್ಟರು "ಯಾರು ಹೇಳಿಕೊಟ್ಟರು?" ಅಂತ ನಕ್ಕರು. ಸ್ಪೆಸಿಫಿಕ್ ಗ್ರಾವಿಟಿ 1.015. ಸಕ್ಕರೆ ಇಲ್ಲ, ಕೀಟೋನ್ ಇಲ್ಲ. ಪ್ರೋಟೀನ್ ಒಂದು ಪ್ಲಸ್. ಕಲ್ಚರಿನಲ್ಲಿ ಏನೂ ಬೆಳೆದಿಲ್ಲ.

ರಕ್ತದಲ್ಲಿ ಸಕ್ಕರೆ 142. ಕ್ರಿಯಾಟಿನಿನ್ 2.6. ಯೂರಿಯಾ ಜಾಸ್ತಿ ಅಂತ ಗುರುತು ಹಾಕಿದ್ದಾರೆ. ಫಾಸ್ಫರಸ್ 5.1. ಪೊಟ್ಯಾಸಿಯಂ 3.4. ಕ್ಯಾಲ್ಸಿಯಂ ಸರಿ ಇದೆ. ಟಿ-4 2.1, ಅದೂ ಸರಿ ಅಂದರು. ಫ್ರಕ್ಟೋಸಮೈನ್ ನಾರ್ಮಲ್. ಸ್ಕ್ಯಾನಿಂಗಿನಲ್ಲಿ ಎರಡು ಕಿಡ್ನಿಯೂ ಚಿಕ್ಕದು, ಅಂಚು ಏರುಪೇರು.

ಕೆರೆತದ ಸೂಜಿ ಸ್ಟೀರಾಯ್ಡೇ ಅಂತೆ. ಆದರೆ ಕೊನೆಯ ಸಲ ಹಾಕಿಸಿ ವರ್ಷ ಆಗುತ್ತಾ ಬಂತು.

ಅಲ್ಲಿನ ಡಾಕ್ಟರು ಕಿಡ್ನಿ ತೊಂದರೆ, ಎರಡನೇ ಹಂತ, ಸಕ್ಕರೆ ಕಾಯಿಲೆ ಇಲ್ಲ ಅಂದರು. ಜನ ತುಂಬಾ ಇದ್ದರು, ಜಾಸ್ತಿ ಕೇಳಲಾಗಲಿಲ್ಲ. ಎರಡನೇ ಹಂತ ಅಂದರೆ ಎಷ್ಟು ದಿನ ಅಂತ ಅಮ್ಮ ಕೇಳುತ್ತಿದ್ದಾರೆ. ದಿನಾ ಚರ್ಮದ ಕೆಳಗೆ ಸಲೈನ್ ಹಾಕಬೇಕಾ?

---

ನಿವೃತ್ತ ಪಶುವೈದ್ಯ (ಕೋಲಾರ):

ಚೆನ್ನಾಗಿ ಮಾಡಿಸಿಕೊಂಡು ಬಂದಿದ್ದೀರಿ. ಈಗ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿ. ಕ್ರಿಯಾಟಿನಿನ್ 2.6, ಅದೇ ಹೊತ್ತಿಗೆ ಮೂತ್ರ 1.015. ಒಣಗಿ ಏರಿದ್ದಾಗಿದ್ದರೆ ಮೂತ್ರ ಇಷ್ಟು ತೆಳು ಇರುತ್ತಿರಲಿಲ್ಲ. ಕಿಡ್ನಿ ಚಿಕ್ಕದಾಗಿ ಅಂಚು ಕೆಟ್ಟಿರುವುದು ಇದು ಹಳೆಯ ಸಮಸ್ಯೆ ಅಂತ ಹೇಳುತ್ತದೆ. ಮೂತ್ರದಲ್ಲಿ ಸಕ್ಕರೆ ಇಲ್ಲ, ಫ್ರಕ್ಟೋಸಮೈನ್ ಸರಿ. ಆವತ್ತಿನ 268 ಹೆದರಿಕೆಯದ್ದು.

ಹಂತದ ಲೆಕ್ಕ ಐರಿಸ್ ಅನ್ನುವ ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಗುಂಪು ಮಾಡಿದ್ದು. ಬೆಕ್ಕಿಗೆ ಕ್ರಿಯಾಟಿನಿನ್ 1.6ರಿಂದ 2.8 ಎರಡನೆಯದು, 2.9ರಿಂದ 5 ಮೂರನೆಯದು, ಅದರ ಮೇಲೆ ನಾಲ್ಕನೆಯದು. ನಿಮ್ಮವನು ಎರಡರ ಮೇಲಿನ ತುದಿಯಲ್ಲಿ ಇದ್ದಾನೆ. ಒಂದೇ ದಿನದ ಅಂಕಿಯಲ್ಲಿ ಹಂತ ಗಟ್ಟಿ ಮಾಡಬಾರದು. ಕೆಲವು ವಾರ ಬಿಟ್ಟು, ಅವನು ಚೆನ್ನಾಗಿ ನೀರು ಕುಡಿದು ಸ್ಥಿರವಾಗಿದ್ದಾಗ ಇನ್ನೊಮ್ಮೆ ನೋಡಿಸಿ. ಮೂತ್ರ ತೆಳುವಾಗುವಷ್ಟರಲ್ಲಿ ಕಿಡ್ನಿಯ ಮೂರರಲ್ಲಿ ಎರಡು ಪಾಲು ಹೋಗಿರುತ್ತದೆ. ಕ್ರಿಯಾಟಿನಿನ್ ಏರುವುದು ಅದಕ್ಕೂ ಆಮೇಲೆ. ಹೋಗಿದ್ದು ಬರುವುದಿಲ್ಲ. ಉಳಿದಿದ್ದನ್ನು ಕಾಪಾಡಿಕೊಳ್ಳಬೇಕು. ಎಷ್ಟು ದಿನ ಅಂತ ನಾನು ಅಮ್ಮನಿಗೆ ಹೇಳುವುದಿಲ್ಲ. ಈ ಹಂತದಲ್ಲಿ ವರ್ಷಗಟ್ಟಲೆ ಓಡಾಡಿಕೊಂಡಿರುವ ಬೆಕ್ಕುಗಳು ಎಷ್ಟೋ ಇವೆ.

ಸಲೈನ್ ದಿನಾ ಬೇಡ. ಅವನೇ ಕುಡಿಯುತ್ತಿದ್ದಾನೆ, ತಿನ್ನುತ್ತಿದ್ದಾನೆ. ವಾಂತಿ ಹೆಚ್ಚಿ ಒಣಗಿದರೆ ಆಗ ಯೋಚನೆ ಮಾಡೋಣ. ಪೊಟ್ಯಾಸಿಯಂ 3.4 ಸ್ವಲ್ಪ ಕೆಳಗಿದೆ, ಉಚ್ಚೆಯಲ್ಲಿ ಹೋಗುತ್ತಿದೆ. ಇನ್ನೂ ಇಳಿದರೆ ಕತ್ತು ಎತ್ತಲಾಗದೆ ತಲೆ ಬಾಗಿಸಿಕೊಂಡು ನಡೆಯುತ್ತಾನೆ. ಡಾಕ್ಟರು ಅದಕ್ಕೆ ಏನಾದರೂ ಬರೆದಿದ್ದಾರಾ ನೋಡಿ, ಇಲ್ಲದಿದ್ದರೆ ಕೇಳಿ. ಫಾಸ್ಫರಸ್ 4.6ರ ಒಳಗೆ ಬರಬೇಕು. ಅದಕ್ಕೆ ಮೊದಲ ದಾರಿ ಊಟ. ಕಿಡ್ನಿಗೆ ಅಂತಲೇ ಬರುವ ಊಟದಲ್ಲಿ ಫಾಸ್ಫರಸ್ ಕಡಿಮೆ. ಒದ್ದೆಯದು ಸಿಕ್ಕರೆ ಒಳ್ಳೆಯದು. ಒಂದೇ ದಿನದಲ್ಲಿ ಬದಲಾಯಿಸಬೇಡಿ. ಹಳೆಯದರಲ್ಲಿ ಒಂದು ಚಮಚ ಹೊಸದು ಕಲಸುತ್ತಾ, ವಾರಗಟ್ಟಲೆ ತೆಗೆದುಕೊಂಡರೂ ಪರವಾಗಿಲ್ಲ. ಹೊಸ ಊಟ ಇಟ್ಟು ಉಪವಾಸ ಕೆಡವಿದರೆ ಲಿವರಿಗೆ ಕೊಬ್ಬು ತುಂಬಿ ಬೇರೆಯೇ ಕಾಯಿಲೆ ಬರುತ್ತದೆ. ಏನೂ ತಿನ್ನದಿರುವುದಕ್ಕಿಂತ ಹಾಲನ್ನ ಮೊಟ್ಟೆ ತಿನ್ನುವುದು ಮೇಲು.

ಎರಡು ವಿಷಯ ರಿಪೋರ್ಟಿನಲ್ಲಿ ಇಲ್ಲ. ಒಂದು, ಮೂತ್ರದ ಪ್ರೋಟೀನಿಗೂ ಕ್ರಿಯಾಟಿನಿನ್ನಿಗೂ ಇರುವ ಅನುಪಾತ. 1.015ರಷ್ಟು ತೆಳು ಮೂತ್ರದಲ್ಲಿ ಒಂದು ಪ್ಲಸ್ ಅಂದರೆ ಕಡೆಗಣಿಸುವ ಹಾಗಿಲ್ಲ. ಅನುಪಾತ 0.4 ದಾಟಿದರೆ ಅದಕ್ಕೆ ಬೇರೆ ಮಾತ್ರೆ ಇದೆ. ಇನ್ನೊಂದು, ಬಿಪಿ. ಕಿಡ್ನಿ ಬೆಕ್ಕುಗಳಲ್ಲಿ ಬಿಪಿ ಏರಿ ಕಣ್ಣಿನ ಪರದೆ ಕಿತ್ತು ಒಂದೇ ರಾತ್ರಿಯಲ್ಲಿ ಕುರುಡಾಗುವುದುಂಟು. ಮೇಲಿನ ಅಂಕಿ 160 ದಾಟಿದರೆ ಎಚ್ಚರಿಕೆ, 180 ದಾಟಿದರೆ ತಡ ಮಾಡಬಾರದು. ಹಗಲು ಬೆಳಕಿನಲ್ಲೂ ಕಣ್ಣಿನ ಕಪ್ಪು ಅಗಲವಾಗಿಯೇ ಉಳಿದರೆ, ಗೋಡೆಗೆ ತಾಗಿಕೊಂಡು ನಡೆದರೆ ಆವತ್ತೇ ಹೊರಡಿ.

---

ಚಿಂತಾಮಣಿ ಹುಡುಗ:

ಸರ್, ನೀವು ಹೇಳಿದ್ದೇ ಆಗಿತ್ತು. ಸ್ಕ್ಯಾನಿಂಗಿನಲ್ಲಿ ಕೀವು ಕಂಡಿತು, ಆವತ್ತೇ ರಾತ್ರಿ ಆಪರೇಷನ್ ಮಾಡಿದರು. ಈಗ ಕೋಳಿ ಸಾರು ನೆಕ್ಕುತ್ತಿದೆ. ನೀರು ಕುಡಿಯುವುದೂ ಮೊದಲಿನ ಹಾಗಾಗುತ್ತಾ ಬಂತು. ಹೊಲಿಗೆ ನೆಕ್ಕದ ಹಾಗೆ ಕತ್ತಿಗೆ ಕಟ್ಟಿದ ಪ್ಲಾಸ್ಟಿಕ್ ಕೊಳವೆ ಕಿತ್ತು ಹಾಕಿತು, ಅದೊಂದೇ ತಲೆನೋವು.

---

ಬಟವಾಡಿ ಅಕ್ಕ (ತುಮಕೂರು):

ಹಳೆಯ ಬನಿಯನ್ನಿನ ತೋಳು ಕತ್ತರಿಸಿ, ನಾಲ್ಕು ಕಾಲಿಗೆ ತೂತು ಮಾಡಿ ಅಂಗಿ ಹಾಕಿ. ನಮ್ಮವಳು ಅದನ್ನು ಮಾತ್ರ ಸಹಿಸುತ್ತಿದ್ದಳು. ದಿನಾ ಬಿಚ್ಚಿ ಹೊಲಿಗೆ ಒದ್ದೆ ಇದೆಯಾ ನೋಡಿ.

---

ಹಿಪ್ಪುನೇರಳೆ (ಶಿಡ್ಲಘಟ್ಟ ಕಡೆ):

ಪೊಟ್ಯಾಸಿಯಂ ಪುಡಿ ಬರೆದಿದ್ದಾರೆ ಸರ್, ಊಟಕ್ಕೆ ಕಲಸುತ್ತಿದ್ದೇವೆ. ಬಿಪಿ ಇಲ್ಲಿ ಯಾರ ಹತ್ತಿರ ನೋಡಿಸಲಿ? ನಮ್ಮ ತಾಲೂಕು ಪಶು ಆಸ್ಪತ್ರೆಯಲ್ಲಿ ಹಸುವಿನ ಕೆಲಸವೇ ಜಾಸ್ತಿ.

---

ನಿವೃತ್ತ ಪಶುವೈದ್ಯ (ಕೋಲಾರ):

ಬೆಕ್ಕಿನ ಕಾಲಿಗೆ ಹಿಡಿಸುವಷ್ಟು ಚಿಕ್ಕ ಪಟ್ಟಿ ಎಲ್ಲ ಕಡೆ ಇರುವುದಿಲ್ಲ. ಮೊದಲೇ ಫೋನ್ ಮಾಡಿ "ಬೆಕ್ಕಿನ ಬಿಪಿ ನೋಡುತ್ತೀರಾ, ಡಾಪ್ಲರ್ ಇದೆಯಾ" ಅಂತ ಕೇಳಿ ಹೋಗಿ, ಡಾಪ್ಲರ್ ಅಂದರೆ ರಕ್ತ ಹರಿಯುವ ಸದ್ದು ಕೇಳಿಸಿ ಬಿಪಿ ಅಳೆಯುವ ಯಂತ್ರ. ಹೋದ ತಕ್ಷಣ ನೋಡಿಸಬೇಡಿ, ಒಂದು ಐದು ಹತ್ತು ನಿಮಿಷ ಮಡಿಲಲ್ಲಿ ಇಟ್ಟುಕೊಂಡು ಸಮಾಧಾನ ಆದ ಮೇಲೆ ನೋಡಲಿ. ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಬೇಕು. ಬಂದ ಅಂಕಿ ಇಲ್ಲಿ ಹಾಕಿ. ಮುಂದಿನ ಸಲ ರಕ್ತ ಕೊಡುವ ದಿನವೇ ಬಿಪಿಯೂ, ಮೂತ್ರದ ಅನುಪಾತವೂ ಆಗಿಬಿಡಲಿ, ಎರಡೆರಡು ಸಲ ಅವನನ್ನು ಬಸ್ಸಿಗೆ ಹತ್ತಿಸುವುದು ಬೇಡ.